ನಾರ್ಮಂಡಿಗೆ ಹೊರಟ ಜೀಪು

ಎರಡನೇ ಮಹಾಯುದ್ಧದ ಜೀಪು, ಲಾರಿಗಳು ಪ್ರತಿ ಜೂನ್‌ನಲ್ಲಿ ಫ್ರಾನ್ಸಿನ ಕಡಲತೀರದ ಊರುಗಳಿಗೆ ಮತ್ತೆ ಬರುತ್ತವೆ. ಯುದ್ಧ ಕಂಡ ತಲೆಮಾರು ಮರೆಯಾಗುತ್ತಿರುವ ಈ ಹೊತ್ತಿನಲ್ಲಿ ಆ ಹಳೆಯ ವಾಹನಗಳ ಜವಾಬ್ದಾರಿ ಹೆಚ್ಚಿದೆ.

ಜೂನ್ ತಿಂಗಳ ಆರಂಭದಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಿಂದ ಫ್ರಾನ್ಸಿಗೆ ಹೋಗುವ ಹಡಗು ಹತ್ತಲು ಕಾದಿರುವ ಕಾರುಗಳ ನಡುವೆ ಮಾಸಲು ಹಸಿರು ಜೀಪುಗಳೂ ನಿಂತಿರುತ್ತವೆ. ಬಾನೆಟ್ ಮೇಲೆ ಬಿಳಿ ನಕ್ಷತ್ರ. ಕೆಲವಕ್ಕೆ ಮುಂದಿನ ಬಂಪರಿನಿಂದ ನೆಟ್ಟಗೆ ಎದ್ದ ಕಬ್ಬಿಣದ ಪಟ್ಟಿ. ಜೀಪಿನಲ್ಲಿ ಕೂತವರ ಕುತ್ತಿಗೆ ಸೀಳಲೆಂದು ಶತ್ರುಗಳು ರಸ್ತೆಗೆ ಅಡ್ಡ ಬಿಗಿಯುತ್ತಿದ್ದ ತಂತಿಯನ್ನು ತುಂಡರಿಸಲು ಬೆಸೆದದ್ದು ಅದು. ನೆದರ್‌ಲೆಂಡ್ಸ್, ಬೆಲ್ಜಿಯಂಗಳಿಂದ ಇಂಥವೇ ಗಾಡಿಗಳು ರಸ್ತೆಯಲ್ಲಿ ಹೊರಡುತ್ತವೆ. ಎಲ್ಲಕ್ಕೂ ಗುರಿ ಒಂದೇ, ನಾರ್ಮಂಡಿ. 1944ರ ಜೂನ್ 6ರಂದು ಮಿತ್ರರಾಷ್ಟ್ರಗಳ ಸುಮಾರು 1,56,000 ಸೈನಿಕರು ಕಡಲಿನಿಂದಲೂ ಆಕಾಶದಿಂದಲೂ ಬಂದಿಳಿದ ನೆಲ.

ಹೊರಲು ಹುಟ್ಟಿದ ಗಾಡಿ

ಅಮೆರಿಕದ ಬ್ಯಾಂಟಮ್ ಕಂಪನಿ 1940ರಲ್ಲಿ ಜೀಪಿನ ಮೊದಲ ಮಾದರಿ ಕಟ್ಟಿತು. ಯುದ್ಧ ಮುಗಿಯುವುದರೊಳಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದವು. 2.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, 60 ಅಶ್ವಶಕ್ತಿ. ಜೀಪು ಗಾಯಾಳುಗಳನ್ನು ಸಾಗಿಸಿತು, ಟೆಲಿಫೋನ್ ತಂತಿ ಎಳೆಯಿತು, ಗ್ಲೈಡರಿನ ಹೊಟ್ಟೆಯೊಳಗೆ ಕೂತು ರಣರಂಗಕ್ಕೆ ಇಳಿಯಿತು. ಮಿತ್ರಪಡೆಗಳ ದಂಡನಾಯಕ ಐಸೆನ್‌ಹೋವರ್ ಗೆಲುವಿಗೆ ಅತ್ಯಗತ್ಯವಾಗಿದ್ದ ಸಾಧನಗಳನ್ನು ಹೆಸರಿಸುವಾಗ ಬುಲ್‌ಡೋಜರ್, ಎರಡೂವರೆ ಟನ್ನಿನ ಲಾರಿ, ಸಿ-47 ವಿಮಾನಗಳ ಜೊತೆ ಜೀಪನ್ನೂ ಸೇರಿಸಿದರು. ಇವುಗಳಲ್ಲಿ ಒಂದೂ ಕಾದಾಟಕ್ಕೆಂದು ರೂಪಿಸಿದ್ದಲ್ಲ ಎಂಬುದನ್ನೂ ಗುರುತಿಸಿದರು.

ಈ ಜೀಪು ಕನ್ನಡಿಗರಿಗೆ ಅಪರಿಚಿತವಲ್ಲ. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಭಾರತದಲ್ಲಿ ಜೋಡಿಸತೊಡಗಿದ್ದು ವಿಲ್ಲಿಸ್ ಜೀಪನ್ನೇ. ಕೊಡಗಿನ ಕಾಫಿ ತೋಟಗಳಲ್ಲಿ, ಮಲೆನಾಡಿನ ಕೆಸರು ದಾರಿಗಳಲ್ಲಿ ಏದುಸಿರು ಬಿಡುತ್ತ ಏರಿದ ಜೀಪುಗಳೂ ಅದೇ ವಂಶದವು.

ಬಂಪರ್ ಹೇಳುವ ವಿಳಾಸ

ಇಂಥ ಗಾಡಿಯನ್ನು ಸಜ್ಜುಗೊಳಿಸುವವರ ಹಟ ದೊಡ್ಡದು. ಫೋರ್ಡ್ ತಾನು ಮಾಡಿದ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತುತ್ತಿತ್ತು. ಶ್ರದ್ಧೆಯುಳ್ಳ ಮಾಲೀಕರು ಗುಜರಿಯಲ್ಲಿ ಹುಡುಕಿಯಾದರೂ ಅವೇ ಬೋಲ್ಟು ತರುತ್ತಾರೆ. 6 ವೋಲ್ಟಿನ ವೈರಿಂಗ್, ಹಿಂದಕ್ಕೆ ತಿರುಗಿಸಿದರೆ ಎಂಜಿನ್ ಮೇಲೆ ಬೆಳಕು ಚೆಲ್ಲುವ ಹೆಡ್‌ಲೈಟ್, ಎಲ್ಲವೂ ಮೂಲದಲ್ಲಿದ್ದಂತೆಯೇ ಇರಬೇಕು.

ಆದರೆ ಬೋಲ್ಟಿಗಿಂತ ಮುಖ್ಯ ಬಂಪರ್ ಮೇಲಿನ ಬರಹ. ಅಮೆರಿಕನ್ ವಾಹನಗಳ ಬಂಪರಿನಲ್ಲಿ ಡಿವಿಷನ್, ರೆಜಿಮೆಂಟ್, ಕಂಪನಿ, ಗಾಡಿಯ ಕ್ರಮಸಂಖ್ಯೆ ಸಾಲಾಗಿ ಇರುತ್ತಿದ್ದವು. ಅದನ್ನು ಬರೆಸುವ ಮುನ್ನ ಆ ದಳ ಎಲ್ಲಿ ಇಳಿಯಿತು, ಯಾರನ್ನು ಕಳೆದುಕೊಂಡಿತು ಎಂದು ಓದಲೇಬೇಕು. ಅಷ್ಟು ಓದಿದವರ ಕೈಯಲ್ಲಿ ಜೀಪು ಬರೀ ಹವ್ಯಾಸದ ವಸ್ತುವಾಗಿ ಉಳಿಯುವುದಿಲ್ಲ.

ಊರಿನಿಂದ ಊರಿಗೆ

ಸಾಂತ್-ಮೇರ್-ಎಗ್ಲೀಸ್‌ನ ಚರ್ಚಿನಲ್ಲಿ ಇಂದಿಗೂ ಪ್ಯಾರಾಶೂಟ್ ಸಮೇತ ಒಂದು ಬೊಂಬೆ ತೂಗುತ್ತದೆ. ಜೂನ್ 6ರ ಬೆಳಗಿಗೆ ಮುನ್ನ ಪ್ಯಾರಾಶೂಟಿನಲ್ಲಿ ಇಳಿಯುತ್ತ ಚರ್ಚಿನ ಗೋಪುರಕ್ಕೆ ಸಿಕ್ಕಿಕೊಂಡ ಜಾನ್ ಸ್ಟೀಲ್ ಎಂಬ ಸೈನಿಕನ ನೆನಪು ಅದು. ಆರೊಮಾಂಶ್‌ನಲ್ಲಿ ಮಿತ್ರಪಡೆಗಳ ಕೃತಕ ಬಂದರಿನ ಕಾಂಕ್ರೀಟ್ ಪೆಟ್ಟಿಗೆಗಳು ಇನ್ನೂ ಸಮುದ್ರದಲ್ಲಿ ನಿಂತಿವೆ. ಜೂನ್ ಬಂತೆಂದರೆ ಈ ಊರುಗಳ ಬೀದಿ ಜೀಪು, ಡಾಜ್, ಜಿಎಂಸಿ ಲಾರಿಗಳಿಂದ ತುಂಬುತ್ತದೆ.

ಯೂಟಾ ಎಂಬ ಸಂಕೇತನಾಮದ ತೀರದಲ್ಲಿ ಮೊದಲ ಅಲೆಯೊಂದಿಗೇ ಇಳಿದ ಜನರಲ್ ಥಿಯೋಡರ್ ರೂಸ್‌ವೆಲ್ಟ್ ಜೂನಿಯರ್‌ಗೆ ಆಗ 56 ವರ್ಷ, ಕೈಯಲ್ಲಿ ಊರುಗೋಲು. ಅವರ ಜೀಪಿನ ಹೆಸರು ‘ರಫ್ ರೈಡರ್’. ಅಮೆರಿಕದ ಅಧ್ಯಕ್ಷರಾಗಿದ್ದ ತಂದೆ ಹಿಂದೆ ಮುನ್ನಡೆಸಿದ ಅಶ್ವದಳದ ಹೆಸರದು. ಜುಲೈ 12ರಂದು ಅವರು ಹೃದಯಾಘಾತದಿಂದ ತೀರಿಕೊಂಡರು. ಒಮಾಹಾ ತೀರದ ಮೇಲಿನ ಕೊಲ್‌ವೀಲ್ ಸಮಾಧಿಭೂಮಿಯಲ್ಲಿ, 9,300ಕ್ಕೂ ಹೆಚ್ಚು ಸಮಾಧಿಗಳ ನಡುವೆ, ಮೊದಲ ಮಹಾಯುದ್ಧದಲ್ಲಿ ಮಡಿದ ತಮ್ಮನ ಪಕ್ಕದಲ್ಲೇ ಅವರ ಸಮಾಧಿಯಿದೆ.

ಚಾಲಕರನ್ನು ಮರೆಯಬಾರದು

ಮೆರವಣಿಗೆಯಲ್ಲಿ ಜನರಲ್‌ಗಳ ಜೀಪಿಗೆ ಚಪ್ಪಾಳೆ ಸುಲಭವಾಗಿ ಸಿಗುತ್ತದೆ. ಜಿಎಂಸಿ ಲಾರಿಯ ಕಥೆಯೂ ಅಷ್ಟೇ ಜೋರಾಗಿ ಕೇಳಬೇಕು. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಲಾರಿ ಸಾಲುಗಳು ಮುನ್ನುಗ್ಗುತ್ತಿದ್ದ ಸೇನೆಗೆ ಇಂಧನ, ಮದ್ದುಗುಂಡು, ಆಹಾರ ಮುಟ್ಟಿಸಿದವು. ಚಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ವರ್ಣದ ಅಮೆರಿಕನ್ನರು. ಬಿಳಿಯರಿಂದ ತಮ್ಮನ್ನು ಬೇರೆಯಾಗಿಟ್ಟಿದ್ದ ಸೇನೆಗಾಗಿಯೇ ಅವರು ಹಗಲಿರುಳು ಸ್ಟೇರಿಂಗ್ ಹಿಡಿದರು. ಆ ಲಾರಿಯನ್ನು ಪ್ರದರ್ಶನಕ್ಕೆ ತರುವವರು ಅದರ ಪಕ್ಕದಲ್ಲಿ ಈ ಮಾತನ್ನೂ ಬರೆದಿಡಬೇಕು.

ವಿಮೋಚನೆಯ ಬೆಲೆಯನ್ನು ಊರಿನವರೂ ತೆತ್ತರು. ನಾರ್ಮಂಡಿಯ ಕದನದಲ್ಲಿ ಸತ್ತ ಸ್ಥಳೀಯ ನಾಗರಿಕರು ಸುಮಾರು 20,000. ಸಾಂ-ಲೋ ಪಟ್ಟಣ ಮಿತ್ರಪಡೆಗಳ ಬಾಂಬಿಗೇ ಪುಡಿಯಾಯಿತು. ಈ ಬೀದಿಗಳಲ್ಲಿ ಹಾರ್ನ್ ಹೊಡೆದುಕೊಂಡು ಹೋಗುವವನಿಗೆ ಎಲ್ಲಿ ಎಂಜಿನ್ ನಿಲ್ಲಿಸಿ ಇಳಿಯಬೇಕೆಂಬುದೂ ಗೊತ್ತಿರಬೇಕು.

2024ರಲ್ಲಿ ನಾರ್ಮಂಡಿ ಇಳಿಕೆಯ 80ನೇ ವರ್ಷಾಚರಣೆಗೆ ಬಂದ ಹಿರಿಯ ಯೋಧರ ವಯಸ್ಸು ನೂರರ ಆಸುಪಾಸು. ಅವರು ತಾವೇ ಹೇಳುತ್ತಿದ್ದುದನ್ನು ಮುಂದೆ ಬೇರೆಯವರು ಹೇಳಬೇಕಾಗುತ್ತದೆ. ಪುಸ್ತಕ ತೆರೆಯದ ಮಗುವೂ ಜೀಪು ಕಂಡರೆ ಓಡಿಬರುತ್ತದೆ, ಸೀಟು ಹತ್ತುತ್ತದೆ, ಇದನ್ನು ಓಡಿಸಿದ್ದು ಯಾರು ಎಂದು ಕೇಳುತ್ತದೆ. ಆ ಪ್ರಶ್ನೆಗೆ ಸಿದ್ಧನಾಗಿ ಬಂದ ಮಾಲೀಕನೇ ಸ್ಮರಣೆಯ ನಿಜವಾದ ವಾರಸುದಾರ. ಬಣ್ಣ, ಬೋಲ್ಟುಗಳಿಗೆ ಖರ್ಚಾದ ಹಣ, ಗ್ಯಾರೇಜಿನಲ್ಲಿ ಕಳೆದ ರಾತ್ರಿಗಳು ಸಾರ್ಥಕವಾಗುವುದು ಅವನು ಆ ಮಗುವಿಗೆ ಒಂದು ದಳದ, ಒಬ್ಬ ಚಾಲಕನ, ಒಂದು ಊರಿನ ಕಥೆಯನ್ನು ಸರಿಯಾಗಿ ಹೇಳಿದಾಗಲೇ.