ತಾಯಿಗೆ ಬಂದದ್ದು ಮಗಳಿಗೂ ಬರಲೇಬೇಕೆಂದಿಲ್ಲ

ಆರೋಗ್ಯ ಮತ್ತು ಬಿಡುವು, ಈ ಎರಡು ಅನುಗ್ರಹಗಳ ವಿಷಯದಲ್ಲಿ ಹೆಚ್ಚಿನ ಜನರು ನಷ್ಟ ಮಾಡಿಕೊಳ್ಳುತ್ತಾರೆಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದಾರೆ. ನಮ್ಮ ಮನೆಯ ಹೆಂಗಸರ ಮಟ್ಟಿಗೆ ಈ ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಬಿಡುವಿಲ್ಲವೆಂದು ಅವರು ಆರೋಗ್ಯವನ್ನು ಕಡೆಗಣಿಸುತ್ತಾರೆ. ಆರೋಗ್ಯ ಕೆಟ್ಟ ಮೇಲೆ ಬಿಡುವು ಸಿಕ್ಕರೂ ಫಲವಿಲ್ಲ. ಆದ್ದರಿಂದ ಈ ಬಾರಿ ಸ್ತನ ಕ್ಯಾನ್ಸರ್ ಬಗ್ಗೆ, ಅದರಲ್ಲೂ ಕುಟುಂಬದಲ್ಲಿ ಈ ಕಾಯಿಲೆ ಕಂಡಿರುವ ಹೆಣ್ಣುಮಕ್ಕಳಿಗೆ ವ್ಯಾಯಾಮ ಏಕೆ ಬೇಕು ಎಂಬುದರ ಬಗ್ಗೆ ತಿಳಿಯೋಣ.

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಆದರೂ ನಮ್ಮಲ್ಲಿ ಇದರ ಹೆಸರೆತ್ತಲು ಸಂಕೋಚ. ಅಮ್ಮಿಗೋ ಖಾಲಾಗೋ ಬಂದಿದ್ದರೆ ಮಗಳ ನಿಕಾಹ್‌ಗೆ ತೊಡಕಾದೀತೆಂದು ಮುಚ್ಚಿಡುವ ಮನೆಗಳಿವೆ. ಹೀಗೆ ಮುಚ್ಚಿಟ್ಟಾಗ, ಯಾರು ಎಚ್ಚರದಿಂದಿರಬೇಕೋ ಅವಳಿಗೇ ವಿಷಯ ತಿಳಿಯದೆ ಹೋಗುತ್ತದೆ.

ಕುಟುಂಬದಲ್ಲಿದ್ದರೆ ಅಪಾಯ ಎಷ್ಟು?

ತಾಯಿ, ಸೋದರಿ ಅಥವಾ ಮಗಳಿಗೆ ಈ ಕಾಯಿಲೆ ಬಂದಿದ್ದರೆ ಆ ಮಹಿಳೆಗೆ ಬರುವ ಸಾಧ್ಯತೆ ಇತರರಿಗಿಂತ ಸುಮಾರು ಎರಡು ಪಟ್ಟು ಇರುತ್ತದೆ. ಕೇಳಿದಾಗ ಭಯವಾಗುವುದು ಸಹಜ. ಆದರೆ ಇನ್ನೆರಡು ಸಂಗತಿಗಳನ್ನೂ ತಿಳಿದಿರಬೇಕು. ಹೀಗೆ ಕುಟುಂಬದಲ್ಲಿ ಕಾಯಿಲೆ ಇರುವ ಹೆಚ್ಚಿನ ಮಹಿಳೆಯರಿಗೆ ಅದು ಜೀವಮಾನದಲ್ಲಿ ಬರುವುದೇ ಇಲ್ಲ. ಕಾಯಿಲೆ ಬಂದವರಲ್ಲಿ ಹೆಚ್ಚಿನವರ ತಾಯಿಗಾಗಲಿ ಸೋದರಿಗಾಗಲಿ ಅದು ಇರಲಿಲ್ಲ. ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 5ರಿಂದ 10ರಷ್ಟು ಮಾತ್ರ ಹುಟ್ಟಿನಿಂದಲೇ ಬಂದ ಜೀನ್‌ನ ದೋಷದಿಂದ ಆಗುವಂಥವು. ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2 ಎಂಬುವು ಅಂಥ ಜೀನ್‌ಗಳಲ್ಲಿ ಮುಖ್ಯವಾದವು. ಈ ದೋಷ ತಂದೆಯಿಂದಲೂ ಬರಬಹುದು. ಆದ್ದರಿಂದ ಖಾಲಾ, ನಾನಿಯರ ಜೊತೆಗೆ ಫೂಫಿ, ದಾದಿಯರ ಆರೋಗ್ಯವನ್ನೂ ವಿಚಾರಿಸಬೇಕು.

ತಕ್ದೀರ್ ಮತ್ತು ಪ್ರಯತ್ನ

"ತಕ್ದೀರಿನಲ್ಲಿದ್ದರೆ ಬರುತ್ತದೆ, ನಡೆದಾಡಿದರೆ ತಪ್ಪುತ್ತದೆಯೇ?" ಎಂದು ಕೇಳುವವರಿದ್ದಾರೆ. ಶಾಮಿನ ಕಡೆಗೆ ಹೊರಟಿದ್ದ ಹ. ಉಮರ್(ರ) ಅಲ್ಲಿ ಪ್ಲೇಗ್ ಹಬ್ಬಿದೆಯೆಂದು ತಿಳಿದು ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಹ. ಅಬೂ ಉಬೈದಾ(ರ) ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದಲ್ಲಿ ಉತ್ತರಿಸಿದರು. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡಬೇಕೆಂಬ ಪ್ರವಾದಿ(ಸ)ರ ಉಪದೇಶದ ಸಾರವೂ ಇದೇ. ಕಾಯಿಲೆ ಮತ್ತು ಗುಣ ಎರಡೂ ಅಲ್ಲಾಹನ ಕೈಯಲ್ಲಿವೆ. ಕಾರಣಗಳನ್ನು ಹುಡುಕಿ ಪ್ರಯತ್ನಿಸುವುದು ನಮ್ಮ ಮೇಲಿನ ಹೊಣೆ.

ವ್ಯಾಯಾಮ ಏನು ಮಾಡುತ್ತದೆ?

ಸ್ತನದ ಕೋಶಗಳು ಬೆಳೆಯುವಂತೆ ಮಾಡುವ ಹಾರ್ಮೋನುಗಳಲ್ಲಿ ಈಸ್ಟ್ರೋಜನ್ ಮುಖ್ಯವಾದದ್ದು. ಮುಟ್ಟು ನಿಂತ ಮೇಲೆ ದೇಹದ ಕೊಬ್ಬಿನ ಭಾಗದಲ್ಲೇ ಅದು ಹೆಚ್ಚಾಗಿ ತಯಾರಾಗುತ್ತದೆ. ಬೊಜ್ಜು ಹೆಚ್ಚಿದಷ್ಟು ಅದರ ಪ್ರಮಾಣವೂ ಹೆಚ್ಚು. ನಿಯಮಿತ ವ್ಯಾಯಾಮ ಕೊಬ್ಬನ್ನು ಕರಗಿಸುತ್ತದೆ, ಇನ್ಸುಲಿನ್ ಮಟ್ಟವನ್ನು ಹತೋಟಿಯಲ್ಲಿಡುತ್ತದೆ, ದೇಹದೊಳಗಿನ ಉರಿಯೂತವನ್ನು ತಗ್ಗಿಸುತ್ತದೆ.

ಕುಟುಂಬದಲ್ಲೇ ಕಾಯಿಲೆ ಇರುವಾಗ ಇದರಿಂದ ಉಪಯೋಗವಿದೆಯೇ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿದೆ. ಅಮೆರಿಕ, ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ ಇಂಥ ಕುಟುಂಬಗಳ 15 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅತಿ ಹೆಚ್ಚು ವ್ಯಾಯಾಮ ಮಾಡುತ್ತಿದ್ದವರಲ್ಲಿ, ಅತಿ ಕಡಿಮೆ ಮಾಡುತ್ತಿದ್ದವರಿಗಿಂತ ಕಾಯಿಲೆಯ ಅಪಾಯ ಸುಮಾರು ಶೇ. 20ರಷ್ಟು ಕಡಿಮೆ ಕಂಡುಬಂತು. ವ್ಯಾಯಾಮ ಮಾಡಿದರೆ ಕಾಯಿಲೆ ಬರುವುದೇ ಇಲ್ಲ ಎಂದು ಇದರ ಅರ್ಥವಲ್ಲ. ವ್ಯಾಯಾಮ ಮಾಡುತ್ತಿದ್ದೂ ಕಾಯಿಲೆ ಬಂದ ಸಹೋದರಿಯನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ.

ಎಷ್ಟು, ಹೇಗೆ?

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ ಮಾಡಬೇಕು, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ. ಮಾತನಾಡಲು ಸಾಧ್ಯವಾಗಬೇಕು, ಆದರೆ ಉಸಿರು ಸ್ವಲ್ಪ ಏರಿರಬೇಕು. ಅದೇ ಸರಿಯಾದ ವೇಗ. ಒಮ್ಮೆಲೇ ಅರ್ಧ ಗಂಟೆ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ನಡೆಯಬಹುದು.

ಮನೆಗೆಲಸವೇ ಸಾಕಲ್ಲವೇ ಎನ್ನುವವರುಂಟು. ಉಸಿರು ಏರುವಂತೆ ನೆಲ ಒರೆಸುವುದು, ನೀರು ಹೊರುವುದು ಲೆಕ್ಕಕ್ಕೆ ಬರುತ್ತದೆ. ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುವುದರಿಂದ ದಣಿವಾದೀತು, ವ್ಯಾಯಾಮವಾಗದು. ಫಜ್ರ್ ನಂತರ ಅಥವಾ ಅಸರ್ ನಂತರ ನೆರೆಯ ನಾಲ್ಕು ಮಂದಿ ಸೇರಿ ಪರ್ದಾದಲ್ಲೇ ನಡೆಯಬಹುದು. ಹೊರಗೆ ಹೋಗಲಾಗದವರಿಗೆ ಟೆರೇಸ್, ಅಂಗಳ, ಮೆಟ್ಟಿಲು ಇವೆ. ನೀರು ತುಂಬಿದ ಬಾಟಲಿಗಳೇ ತೋಳಿಗೆ ಬಲ ಕೊಡುವ ಭಾರಗಳು. ರಮಝಾನಿನಲ್ಲಿ ಇಫ್ತಾರ್ ಆದ ಮೇಲೆ ಹದವಾಗಿ ನಡೆದರೆ ಸಾಕು. ಹೃದಯದ ತೊಂದರೆ ಅಥವಾ ಕೀಲುನೋವು ಇರುವವರು ಮೊದಲು ವೈದ್ಯರನ್ನು ಕೇಳಲಿ.

ಹೆಂಗಸರಿಗೆ ಇದೆಲ್ಲ ಶೋಭಿಸದು ಎನ್ನುವವರು ಸ್ವಲ್ಪ ಯೋಚಿಸಲಿ. ಪ್ರವಾದಿ(ಸ)ರು ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಮಾಡಿದ್ದನ್ನು ಹದೀಸ್‌ಗಳು ತಿಳಿಸುತ್ತವೆ. ಹಜ್ ಮತ್ತು ಉಮ್ರಾದಲ್ಲಿ ನಾವು ಮಾಡುವ ಸಯೀ, ಮಗುವಿಗಾಗಿ ನೀರು ಹುಡುಕಿ ಸಫಾ ಮರ್ವಾಗಳ ನಡುವೆ ಓಡಿದ ಹ. ಹಾಜರ್(ಅ) ಎಂಬ ತಾಯಿಯ ನೆನಪು. ಏಳು ಸುತ್ತು ಸೇರಿದರೆ ಸುಮಾರು ಮೂರು ಕಿಲೋಮೀಟರ್ ಆಗುತ್ತದೆ.

ಮನೆಯ ಗಂಡಸರ ಹೊಣೆ

ದೇಹಕ್ಕೆ ನಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಹೆಂಡತಿ, ಸೊಸೆ, ಮಗಳ ದೇಹಕ್ಕೂ ಆ ಹಕ್ಕಿದೆ. ಅವಳು ನಡೆಯಲು ಹೊರಟ ಅರ್ಧ ಗಂಟೆ ಮಗುವನ್ನು ನೋಡಿಕೊಳ್ಳುವುದು, ಚಹಾ ತಡವಾದರೆ ಮುಖ ಗಂಟಿಕ್ಕದಿರುವುದು, ಸಾಧ್ಯವಾದರೆ ಜೊತೆಗೆ ನಡೆಯುವುದು ಗಂಡಸರಿಂದ ಆಗಬೇಕಾದ ಕೆಲಸ. ಜಮಾಅತ್‌ನವರು ಮದ್ರಸದ ಅಂಗಳವನ್ನು ದಿನಕ್ಕೆ ಒಂದು ಗಂಟೆ ಹೆಂಗಸರಿಗೆ ಬಿಟ್ಟುಕೊಟ್ಟರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ತಪಾಸಣೆ ಬಿಡಬಾರದು

ಎಷ್ಟೇ ವ್ಯಾಯಾಮ ಮಾಡಿದರೂ ತಪಾಸಣೆ ಮಾಡಿಸಿಕೊಳ್ಳಲೇಬೇಕು. ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು, ಚರ್ಮ ಒಳಗೆ ಎಳೆದಂತಾಗುವುದು, ತೊಟ್ಟು ಒಳಸೇರುವುದು, ತೊಟ್ಟಿನಿಂದ ರಕ್ತ ಸೋರುವುದು ಕಂಡರೆ ನೋವಿಲ್ಲವೆಂದು ಸುಮ್ಮನಿರಬಾರದು. ಮೊದಮೊದಲು ಗಂಟು ಹೆಚ್ಚಾಗಿ ನೋಯುವುದೇ ಇಲ್ಲ. 30 ವರ್ಷ ದಾಟಿದ ಮಹಿಳೆಯರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆಯ ವ್ಯವಸ್ಥೆ ಇದೆ. ಕುಟುಂಬದಲ್ಲಿ ಕಾಯಿಲೆ ಇರುವವರು ಯಾವ ವಯಸ್ಸಿಗೆ ಯಾವ ಪರೀಕ್ಷೆ ಬೇಕೆಂದು ವೈದ್ಯರನ್ನೇ ಕೇಳಬೇಕು. ಮಹಿಳಾ ವೈದ್ಯರನ್ನು ಕೇಳಿ ಪಡೆಯಿರಿ. ಅವರು ಸಿಗದಿದ್ದರೆ ಅಗತ್ಯಕ್ಕೆ ತಕ್ಕಂತೆ ಪುರುಷ ವೈದ್ಯರಿಗೆ ತೋರಿಸಲು ವಿದ್ವಾಂಸರು ಅನುಮತಿ ನೀಡಿದ್ದಾರೆ. ಲಜ್ಜೆ ಈಮಾನಿನ ಭಾಗವೇ ಹೌದು. ಆದರೆ ಲಜ್ಜೆಯ ಹೆಸರಿನಲ್ಲಿ ಜೀವ ಕಳೆದುಕೊಳ್ಳಲು ದೀನ್ ನಮಗೆ ಕಲಿಸಿಲ್ಲ.

ಈ ವಾರ ಮನೆಯಲ್ಲಿ ಎಲ್ಲರೂ ಕುಳಿತಾಗ ಹಿರಿಯರನ್ನು ಕೇಳೋಣ, ನಮ್ಮ ಕುಟುಂಬದಲ್ಲಿ ಯಾರಿಗೆ, ಯಾವ ವಯಸ್ಸಿಗೆ ಈ ಕಾಯಿಲೆ ಬಂದಿತ್ತು ಎಂದು. ಮರುದಿನ ಫಜ್ರ್ ಆದ ಮೇಲೆ ಮಗಳನ್ನು ಕರೆದುಕೊಂಡು ಹತ್ತು ನಿಮಿಷ ನಡೆಯೋಣ. ಕಾಯಿಲೆಯಲ್ಲಿರುವ ನಮ್ಮ ಸಹೋದರಿಯರಿಗೆ ಅಲ್ಲಾಹನು ಶಿಫಾ ನೀಡಲಿ, ನಮ್ಮ ಹೆಣ್ಣುಮಕ್ಕಳಿಗೆ ಆರೋಗ್ಯವನ್ನೂ ಅದನ್ನು ಕಾಪಾಡಿಕೊಳ್ಳುವ ಬಿಡುವನ್ನೂ ಕರುಣಿಸಲಿ. ಆಮೀನ್.