ಗದ್ದಲ ತೆಗೆದಾಗ ಹೋಗುವ ಧ್ವನಿಗಳು: ಹಳೆಯ ಮುದ್ರಣಗಳ ಡಿಜಿಟಲೀಕರಣ ಮತ್ತು ಧ್ವನಿವಿಶ್ಲೇಷಣೆ

ಕನ್ನಡದ ಹಲವು ಗ್ರಾಮೀಣ ಪ್ರಭೇದಗಳಲ್ಲಿ ಪದಾದಿಯ ಹಕಾರ ಲೋಪವಾಗುವುದು ತಿಳಿದ ಸಂಗತಿಯೇ. ‘ಹಾಲು’ ‘ಆಲು’ ಎಂದಾಗುತ್ತದೆ, ‘ಹಟ್ಟಿ’ ‘ಅಟ್ಟಿ’ ಎಂದಾಗುತ್ತದೆ. ಹಿಂದಿನ ತಲೆಮಾರಿನ ಕ್ಷೇತ್ರಕಾರ್ಯದ ಕ್ಯಾಸೆಟ್ಟೊಂದನ್ನು ಡಿಜಿಟಲ್ ರೂಪಕ್ಕೆ ವರ್ಗಾಯಿಸಿ ಆಲಿಸಿದಾಗ, ಮಾಹಿತಿದಾರರ ಮಾತಿನಲ್ಲಿ ಈ ಲೋಪವು ನಾವು ನಿರೀಕ್ಷಿಸಿದ್ದಕ್ಕಿಂತ ವ್ಯಾಪಕವಾಗಿ ಕಂಡಿತು. ಉತ್ಸಾಹದಿಂದ ಪಟ್ಟಿ ಮಾಡಿದೆವು. ಅನಂತರ ಮೂಲ ಕ್ಯಾಸೆಟ್ಟನ್ನೇ ನುಡಿಸಿ ಕೇಳಿದಾಗ, ಪಟ್ಟಿಯ ಎಷ್ಟೋ ಪದಗಳಲ್ಲಿ ಹಕಾರ ಕ್ಷೀಣವಾಗಿಯಾದರೂ ಇದ್ದಿತು. ಅದನ್ನು ಅಳಿಸಿದವರು ಮಾಹಿತಿದಾರರಲ್ಲ; ವರ್ಗಾವಣೆಯ ವೇಳೆ ಗದ್ದಲ ತಗ್ಗಿಸುವ ತಂತ್ರಾಂಶವನ್ನು ಬಳಸಿದ್ದ ನಾವು.

ಇದು ಹೇಗೆ ಸಂಭವಿಸುತ್ತದೆಂಬುದನ್ನು ವಿವರಿಸಬೇಕು. ಇಂತಹ ತಂತ್ರಾಂಶಗಳು ಸಾಮಾನ್ಯವಾಗಿ ಮಾತಿಲ್ಲದ ಒಂದು ತುಣುಕನ್ನು ಮಾದರಿಯಾಗಿ ಪಡೆದು, ಅದರಲ್ಲಿ ಪ್ರತಿಯೊಂದು ಕಂಪನಾಂಕದ ಪಟ್ಟಿಯಲ್ಲಿಯೂ ಇರುವ ಸರಾಸರಿ ಶಕ್ತಿಯನ್ನು ಅಳೆಯುತ್ತವೆ. ಬಳಿಕ ಇಡೀ ಮುದ್ರಣದಲ್ಲಿ ಆ ಮಟ್ಟಕ್ಕೆ ಸಮೀಪವಿರುವುದನ್ನೆಲ್ಲ ತಗ್ಗಿಸುತ್ತವೆ. ಸ್ವರಗಳು ಈ ಜರಡಿಯಲ್ಲಿ ಸುಲಭವಾಗಿ ಉಳಿಯುತ್ತವೆ, ಏಕೆಂದರೆ ಅವುಗಳ ಶಕ್ತಿ ಕೆಲವೇ ಸ್ಥಾನಗಳಲ್ಲಿ ಸಾಂದ್ರವಾಗಿದೆ. ಪದಾದಿಯ ಹಕಾರವಾದರೋ ಸ್ವತಃ ದುರ್ಬಲವಾದ, ಹರಡಿಕೊಂಡ ಗದ್ದಲವೇ. ಸುರುಳಿಯ ‘ಸುಯ್’ ಸದ್ದಿಗೂ ಅದಕ್ಕೂ ಭೌತಿಕವಾಗಿ ಅಂತರ ಅತ್ಯಲ್ಪ. ಸ್ಪರ್ಶವ್ಯಂಜನಗಳ ಸ್ಫೋಟಕ್ಕೂ ಇದೇ ಅಪಾಯವಿದೆ. ದಂತ್ಯ ಮತ್ತು ಮೂರ್ಧನ್ಯಗಳನ್ನು ಬೇರ್ಪಡಿಸುವ ಸುಳಿವುಗಳಲ್ಲಿ ಆ ಸ್ಫೋಟದ ರೋಹಿತವೂ ಒಂದು. ಕಿವಿಗೆ ಹಿತವಾದ ಪ್ರತಿ ಅಳತೆಗೆ ಯೋಗ್ಯವಾದ ಪ್ರತಿಯೇ ಆಗಿರಬೇಕಾಗಿಲ್ಲ.

ತಂತ್ರಾಂಶದ ಹಂತಕ್ಕೆ ಬರುವ ಮೊದಲೇ ನಡೆಯುವ ನಷ್ಟ ಇನ್ನೂ ಗಂಭೀರವಾದದ್ದು. ಕ್ಯಾಸೆಟ್ ಸುರುಳಿಯು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಚಲಿಸುತ್ತದೆ. ಈ ವೇಗದಲ್ಲಿ 8000 ಹರ್ಟ್ಸ್‌ನ ಒಂದು ತರಂಗವು ಸುರುಳಿಯ ಮೇಲೆ ಆಕ್ರಮಿಸುವ ಉದ್ದ ಸುಮಾರು 6 ಮೈಕ್ರಾನ್. ನುಡಿಸುವ ಯಂತ್ರದ ಹೆಡ್ಡಿನ ಸೀಳು, ಮುದ್ರಿಸಿದ ಯಂತ್ರದ ಸೀಳಿನ ಕೋನಕ್ಕೆ ಹೊಂದದಿದ್ದರೆ, ಮೊದಲು ಅಳಿಯುವುದು ಈ ಸೂಕ್ಷ್ಮ ತರಂಗಗಳೇ. ಆಗ ಸಕಾರದ ಹರಿತ ಮೊಂಡಾಗಿ, ‘ಶಾಲೆ’, ‘ಸಾಲೆ’ಗಳ ಭೇದವೇ ಸಂದಿಗ್ಧವಾಗುತ್ತದೆ. ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು ಪ್ರತಿಯೊಂದು ಕ್ಯಾಸೆಟ್ಟಿಗೂ ಹೊಸದಾಗಿ ತಿರುಗಿಸಿ, ಸದ್ದು ಅತ್ಯಂತ ಸ್ಪಷ್ಟವಾಗುವ ಬಿಂದುವಿನಲ್ಲಿ ನಿಲ್ಲಿಸಬೇಕು. ಎರಡು ನಿಮಿಷದ ಕೆಲಸ. ವರ್ಗಾವಣೆಯ ನಂತರ ಈ ನಷ್ಟವನ್ನು ನಿಜವಾಗಿ ತುಂಬಿಕೊಡುವ ಸಾಧನ ಯಾವುದೂ ಇಲ್ಲ.

ವೇಗದ ಪ್ರಶ್ನೆ ಬೇರೆ ಬಗೆಯದು. ‘78’ ಎಂದು ಕರೆಯಲಾಗುವ ಹಳೆಯ ಅರಗಿನ ತಟ್ಟೆಗಳೆಲ್ಲವೂ ನಿಮಿಷಕ್ಕೆ 78 ಸುತ್ತಿನಲ್ಲಿಯೇ ಮುದ್ರಿತವಾದವಲ್ಲ. 74ರಲ್ಲಿ ಮುದ್ರಿತವಾದ ತಟ್ಟೆಯನ್ನು 78ರಲ್ಲಿ ನುಡಿಸಿದರೆ ಎಲ್ಲ ಕಂಪನಾಂಕಗಳೂ ಶೇ. 5.4ರಷ್ಟು ಏರುತ್ತವೆ: 120 ಹರ್ಟ್ಸ್‌ನ ಕಂಠ ಸುಮಾರು 126 ಆಗುತ್ತದೆ, 500ರಲ್ಲಿದ್ದ ಮೊದಲನೆಯ ಫಾರ್ಮೆಂಟ್ 527 ಆಗುತ್ತದೆ. ವೇಗದ ದೋಷ ಏಕರೂಪವಾಗಿದ್ದರೆ ಅನುಪಾತಗಳು ಮಾತ್ರ ಕೆಡುವುದಿಲ್ಲ. ಹ್ರಸ್ವ-ದೀರ್ಘ ಸ್ವರಗಳ ಅವಧಿಯ ಅನುಪಾತ, ಒಂಟಿ ಮತ್ತು ದ್ವಿತ್ವ ವ್ಯಂಜನಗಳ ಅನುಪಾತ, ಒಂದು ಫಾರ್ಮೆಂಟಿಗೂ ಮತ್ತೊಂದಕ್ಕೂ ಇರುವ ಅನುಪಾತ, ಇವು ಹಾಗೆಯೇ ಉಳಿಯುತ್ತವೆ. ನಿಚ್ಚಳ ಅವಧಿಗಳು, ಸ್ಫೋಟಕ್ಕೂ ನಾದಾರಂಭಕ್ಕೂ ನಡುವಣ ಕಾಲ, ಮೂಲ ಕಂಪನಾಂಕ, ಇವು ಉಳಿಯುವುದಿಲ್ಲ. ಹಳೆಯ ಮುದ್ರಣವನ್ನು ಯಾವ ಪ್ರಶ್ನೆಗೆ ಬಳಸಬಹುದು, ಯಾವುದಕ್ಕೆ ಬಳಸಬಾರದೆಂಬುದು ಇದರಿಂದಲೇ ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ಆದರೆ ಏಕರೂಪತೆಯೂ ಖಚಿತವಲ್ಲ. ಕ್ಷೇತ್ರದಲ್ಲಿ ಬ್ಯಾಟರಿಯಿಂದ ನಡೆದ ಯಂತ್ರವು ಬ್ಯಾಟರಿ ಸೋತಂತೆ ನಿಧಾನವಾಗುತ್ತದೆ. ಅದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಸಂದರ್ಶನದ ಕೊನೆಯಲ್ಲಿ ಮಾಹಿತಿದಾರರ ದನಿ ಏರುತ್ತ, ಮಾತು ಚುರುಕಾಗುತ್ತ ಹೋಗುತ್ತದೆ. ಇದನ್ನು ಕಥನದ ಉದ್ವೇಗವೆಂದು ಬಗೆಯುವ ಸಾಧ್ಯತೆ ತಮಾಷೆಯ ಮಾತಲ್ಲ. ವಿದ್ಯುತ್ ಸಂಪರ್ಕದಿಂದ ನಡೆದ ಯಂತ್ರವಾದರೆ ಅದರ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಸುರುಳಿಯಲ್ಲಿ ಅನೇಕ ವೇಳೆ ದಾಖಲಾಗಿರುತ್ತದೆ. ಅದು 52ರಲ್ಲಿ ಕಂಡರೆ ನುಡಿಸುವ ವೇಗ ಶೇ. 4ರಷ್ಟು ಹೆಚ್ಚಿದೆಯೆಂದು ಊಹಿಸಬಹುದು. ಗದ್ದಲವೆಂದು ತೆಗೆದು ಬಿಸಾಡುವ ವಸ್ತುವೇ ಇಲ್ಲಿ ಅಳತೆಗೋಲು. ನಮ್ಮ ಹಳ್ಳಿಗಳ ವಿದ್ಯುತ್ತು ಆ ದಿನಗಳಲ್ಲಿ 50ರಲ್ಲಿಯೇ ನಿಲ್ಲುತ್ತಿರಲಿಲ್ಲವಾದ್ದರಿಂದ ಇದನ್ನು ಅಂದಾಜೆಂದೇ ಸ್ವೀಕರಿಸಬೇಕು.

ಇತ್ತೀಚಿನ ಆತಂಕವೊಂದನ್ನು ಇಲ್ಲಿ ಹೇಳದಿರಲಾಗದು. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಗೆ ಸಂಬಂಧಿಸಿ 1913ರಿಂದ 1929ರ ಅವಧಿಯಲ್ಲಿ ಸಿದ್ಧವಾದ ಗ್ರಾಮಫೋನ್ ಮುದ್ರಣಗಳು ಇಂದು ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ದೊರೆಯುತ್ತವೆ. ವಿದ್ಯುತ್ ಮುದ್ರಣ ಬಳಕೆಗೆ ಬಂದದ್ದು 1925ರಲ್ಲಿ. ಅದಕ್ಕೆ ಮುಂಚಿನ, ಕಹಳೆಯ ಮೂಲಕ ಮಾಡಿದ ಮುದ್ರಣಗಳು ಸ್ಥೂಲವಾಗಿ 250ರಿಂದ 2500 ಹರ್ಟ್ಸ್ ವ್ಯಾಪ್ತಿಯನ್ನಷ್ಟೇ ಹಿಡಿದಿರುತ್ತವೆ. ಸಕಾರದ ಶಕ್ತಿಯ ಬಹುಭಾಗ 4000 ಹರ್ಟ್ಸ್‌ಗೂ ಮೇಲಿದೆ. ಎಂದರೆ ಅದು ತಟ್ಟೆಯ ಮೇಲೆ ಎಂದೂ ಬಿದ್ದಿಲ್ಲ. ಯಂತ್ರಕಲಿಕೆಯನ್ನು ಆಧರಿಸಿದ ಇಂದಿನ ‘ಪುನಃಸ್ಥಾಪಕ’ ತಂತ್ರಾಂಶಗಳು ಇಂತಹ ಮುದ್ರಣಕ್ಕೂ ಹೊಳೆಯುವ ಸಕಾರವನ್ನು ಕೊಡಬಲ್ಲವು. ಆ ಸಕಾರ ತರಬೇತಿಗೆ ಬಳಸಿದ ಧ್ವನಿಗಳದ್ದು, ನೂರು ವರ್ಷದ ಹಿಂದಿನ ಭಾಷಿಕನದ್ದಲ್ಲ. ಅದನ್ನು ಅಳೆದು ಬರೆದ ಪ್ರಬಂಧವನ್ನು ಪರಿಶೀಲಕರು ಗುರುತಿಸುವರೆಂಬ ಭರವಸೆ ನಮಗಿಲ್ಲ, ಏಕೆಂದರೆ ಪ್ರಬಂಧಗಳ ವಿಧಾನಭಾಗದಲ್ಲಿ ‘ಕ್ಯಾಸೆಟ್ಟಿನಿಂದ ಡಿಜಿಟಲೀಕರಿಸಲಾಯಿತು’ ಎಂಬ ಒಂದೇ ವಾಕ್ಯವಿರುವುದು ರೂಢಿಯಾಗಿಬಿಟ್ಟಿದೆ. ಯಂತ್ರ, ವೇಗ, ಹೆಡ್ಡಿನ ಹೊಂದಾಣಿಕೆ, ಬಳಸಿದ ಸಂಸ್ಕರಣೆ, ಇಷ್ಟನ್ನಾದರೂ ಕೇಳುವುದು ಸಂಪಾದಕರ ಹಕ್ಕು.

ಅಂತರರಾಷ್ಟ್ರೀಯ ಧ್ವನಿದಾಖಲೆಗಾರರ ಸಂಘದ ಮಾರ್ಗಸೂಚಿಗಳು ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ಗಳ, ಸಾಧ್ಯವಿದ್ದಲ್ಲಿ 96 ಕಿಲೋಹರ್ಟ್ಸ್‌ನ ಸಂಸ್ಕರಿಸದ ಪ್ರತಿಯನ್ನು ಕಾಪಿಡಲು ಹೇಳುತ್ತವೆ. ಶುದ್ಧಗೊಳಿಸಿದ ಪ್ರತಿ ಕೇಳುವುದಕ್ಕೂ ಲಿಪ್ಯಂತರಕ್ಕೂ ಉಪಯುಕ್ತವೇ. ಅದು ಎರಡನೆಯ ಪ್ರತಿಯಾಗಿರಬೇಕು.

ಆರಂಭದಲ್ಲಿ ಹೇಳಿದ ಕ್ಯಾಸೆಟ್ಟನ್ನು ನಾವು ಹೆಡ್ಡಿನ ಕೋನ ಸರಿಪಡಿಸಿ, ಯಾವ ಸಂಸ್ಕರಣೆಯೂ ಇಲ್ಲದೆ ಮತ್ತೊಮ್ಮೆ ವರ್ಗಾಯಿಸಿದೆವು. ಪಟ್ಟಿಯ ಕೆಲವು ಪದಗಳಿಗೆ ಹಕಾರ ಮರಳಿತು. ಕೆಲವುಗಳಲ್ಲಿ ಲೋಪವು ನಿಜವೇ ಆಗಿತ್ತು. ಉಳಿದ ಕೆಲವುಗಳಲ್ಲಿ ಸುರುಳಿಯ ಸದ್ದೂ ಹಕಾರವೂ ಒಂದೇ ಮಟ್ಟದಲ್ಲಿವೆ, ಬೇರ್ಪಡಿಸಲು ಸಾಧ್ಯವಾಗಿಲ್ಲ. ಅವುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು, ಎಣಿಕೆಯಿಂದ ಹೊರಗಿಟ್ಟಿದ್ದೇವೆ.