ತಳವಿಲ್ಲದ ಟೀಪಾಟು

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ ಒಂದು ತಲೆಮಾರಿಗೆ ಆರನೇ ಸೆಮಿಸ್ಟರ್ ಎಂದರೆ ಸಿಜಿ (ಕಂಪ್ಯೂಟರ್ ಗ್ರಾಫಿಕ್ಸ್) ಲ್ಯಾಬ್ ನೆನಪಾಗುತ್ತದೆ. ಬಣ್ಣದ ಘನವೊಂದನ್ನು ತಿರುಗಿಸಬೇಕು, ಸಿಯರ್‌ಪಿನ್‌ಸ್ಕಿಯ ತ್ರಿಕೋನದೊಳಗೆ ತ್ರಿಕೋನ ತುಂಬಬೇಕು, ಮೇಜಿನ ಮೇಲೊಂದು ಟೀಪಾಟು ಇಟ್ಟು ಅದರ ಮೇಲೆ ಬೆಳಕು ಬೀಳಿಸಬೇಕು. ಮೇಜಿಗೆ ಹಲಗೆ, ನಾಲ್ಕು ಕಾಲು, ಒಂದೊಂದರ ಅಳತೆ, ಜಾಗ ಎಂದು ಸಾಲುಗಟ್ಟಲೆ ಕೋಡ್ ಬರೆಯಬೇಕಿತ್ತು. ಟೀಪಾಟಿಗೆ ಮಾತ್ರ ಒಂದೇ ಸಾಲು: ‘ಗ್ಲಟ್ ಸಾಲಿಡ್ ಟೀಪಾಟ್’. ಜೊತೆಗೆ ಅದು ಎಷ್ಟು ದೊಡ್ಡದಿರಬೇಕು ಎಂಬ ಒಂದು ಸಂಖ್ಯೆ.

ನೇರ ಗೆರೆಗಳ ಮೇಜಿಗೆ ಅಷ್ಟೊಂದು ಸಾಲು, ಹೊಟ್ಟೆ ಉಬ್ಬಿ ಮೂತಿ ಬಾಗಿದ ಪಾತ್ರೆಗೆ ಒಂದೇ ಸಾಲು. ಇದು ಹೇಗೆ? ಕಂಪ್ಯೂಟರ್ ಗ್ರಾಫಿಕ್ಸ್ ಕಲಿಯಲು ಯಾವ ಪುಸ್ತಕ ಕೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ಈ ಪ್ರಶ್ನೆಯನ್ನೇ ಮುಂದಿಡುತ್ತೇನೆ. ಆ ಸಾಲನ್ನು ಎಲ್ಲಿ ಬರೆಯಬೇಕು ಎಂದು ಹೇಳಿಕೊಡುವ ಪುಸ್ತಕಗಳಿವೆ. ಆ ಸಾಲಿನ ಹೊಟ್ಟೆಯೊಳಗೆ ಏನಿದೆ ಎಂದು ಬಿಚ್ಚಿ ತೋರಿಸುವ ಪುಸ್ತಕಗಳೂ ಇವೆ. ಇವೆರಡೂ ಬೇರೆಬೇರೆ ದಾರಿ ಹಿಡಿದದ್ದು ಹೇಗೆಂದು ತಿಳಿಯಬೇಕಾದರೆ ಅಮೆರಿಕದ ಯೂಟಾ ರಾಜ್ಯಕ್ಕೆ ಹೋಗಬೇಕು.

ಡೇವಿಡ್ ಇವಾನ್ಸ್ 1965ರಲ್ಲಿ ತಮ್ಮ ಹುಟ್ಟೂರು ಸಾಲ್ಟ್ ಲೇಕ್ ಸಿಟಿಗೆ ಮರಳಿ, ಯೂಟಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಭಾಗ ಕಟ್ಟಲು ಶುರುಮಾಡಿದರು. 1968ರಲ್ಲಿ ಐವನ್ ಸದರ್ಲೆಂಡ್ ಬಂದು ಸೇರಿದರು. ತೆರೆಯ ಮೇಲೆ ಲೈಟ್ ಪೆನ್ನಿನಿಂದ ಗೆರೆ ಎಳೆದು ಆಕೃತಿ ಕಟ್ಟುವ ‘ಸ್ಕೆಚ್‌ಪ್ಯಾಡ್’ ಅನ್ನು 1963ರಲ್ಲೇ ಎಂಐಟಿಯಲ್ಲಿ ಮಾಡಿ ತೋರಿಸಿದ್ದವರು ಅವರು. ಅಮೆರಿಕದ ರಕ್ಷಣಾ ಇಲಾಖೆಯ ಹಣದ ಬಲವೂ ಇತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳು ಬರೆದ ಪ್ರಬಂಧಗಳು ಇಂದಿಗೂ ಪಾಠವಾಗಿವೆ. ಪಟ್ಟಿ ಪಟ್ಟಿಯಾಗಿ ಕಾಣುತ್ತಿದ್ದ ಮೈಗೆ ನುಣುಪು ತರುವ ಬಗೆಯನ್ನು 1971ರಲ್ಲಿ ಆನ್ರಿ ಗೂರೋ ತೋರಿಸಿದರು. ಹೊಳಪಿನ ಚುಕ್ಕೆ ಎಲ್ಲಿ ಬೀಳುತ್ತದೆಂಬ ಲೆಕ್ಕವನ್ನು ವಿಯೆಟ್ನಾಂನ ಬುಯಿ ತುವಾಂಗ್ ಫಾಂಗ್ 1973ರಲ್ಲಿ ಕೊಟ್ಟರು; ಎರಡು ವರ್ಷಕ್ಕೆ, ಇನ್ನೂ ಎಳೆಯ ವಯಸ್ಸಿನಲ್ಲೇ, ತೀರಿಕೊಂಡರು. ಮುಂದಿರುವ ವಸ್ತು ಹಿಂದಿನದನ್ನು ಮರೆಮಾಡುವ ಝಡ್-ಬಫರ್ ವಿಧಾನವನ್ನು 1974ರ ಪ್ರಬಂಧದಲ್ಲಿ ವಿವರಿಸಿದ ಎಡ್ ಕ್ಯಾಟ್ಮಲ್ ಮುಂದೆ ಪಿಕ್ಸಾರ್ ಕಟ್ಟಿದವರಲ್ಲಿ ಒಬ್ಬರಾದರು.

ಟೀಪಾಟು ಹುಟ್ಟಿದ್ದೂ ಅಲ್ಲಿಯೇ. 1975ರಲ್ಲಿ ಅಲ್ಲಿನ ಸಂಶೋಧಕ ಮಾರ್ಟಿನ್ ನ್ಯೂವೆಲ್‌ಗೆ ತಮ್ಮ ಕೆಲಸವನ್ನು ಪರೀಕ್ಷಿಸಲು ಒಂದು ಆಕೃತಿ ಬೇಕಿತ್ತು. ಮನೆಯ ಟೀಪಾಟನ್ನೇ ಮಾಡಿ ನೋಡಿ ಎಂದವರು ಅವರ ಹೆಂಡತಿ ಸಾಂಡ್ರಾ. ಊರಿನ ಅಂಗಡಿಯಲ್ಲಿ ಕೊಂಡ ಬಿಳಿಯ ಪಿಂಗಾಣಿ ಪಾತ್ರೆ ಅದು. ನ್ಯೂವೆಲ್ ಅದನ್ನು ಎದುರಿಗಿಟ್ಟುಕೊಂಡು ಗ್ರಾಫ್ ಹಾಳೆಯ ಮೇಲೆ ಬರೆದರು. ಬಳಿಕ ಬೆಝಿಯೆ ತೇಪೆಗಳೆಂಬ 28 ಬಾಗಿದ ತುಂಡುಗಳಲ್ಲಿ ಇಡೀ ಪಾತ್ರೆಯನ್ನು ಹಿಡಿದರು. ಒಂದೊಂದು ತೇಪೆಯ ಬಾಗನ್ನು ನಿರ್ಧರಿಸುವುದು 16 ಬಿಂದುಗಳು. ಮುಚ್ಚಳ, ಹಿಡಿ, ಮೂತಿ ಎಲ್ಲವೂ ಬಂದವು. ತಳ ಮಾತ್ರ ಇರಲಿಲ್ಲ. ಮೇಜಿನ ಮೇಲಿಟ್ಟರೆ ಅದು ಕಾಣುವುದಿಲ್ಲವಲ್ಲ. ಆ ತಳವನ್ನು ಬೇರೆಯವರು ಆಮೇಲೆ ಸೇರಿಸಿದರು. ನ್ಯೂವೆಲ್ ಅಂಕಿಗಳನ್ನು ಬಚ್ಚಿಡದೆ ಹಂಚಿದ್ದರಿಂದ ಹೊಸ ವಿಧಾನ ಕಂಡುಹಿಡಿದ ಹಲವರು ಮೊದಲು ಟೀಪಾಟಿನ ಮೇಲೆ ಪ್ರಯೋಗ ಮಾಡಿದರು.

ಇಷ್ಟೆಲ್ಲ ತಿಳಿವಳಿಕೆ ಪ್ರಬಂಧಗಳಲ್ಲಿ, ಕೈಯಿಂದ ಕೈಗೆ ದಾಟುವ ಟಿಪ್ಪಣಿಗಳಲ್ಲಿ ಚದುರಿತ್ತು. ಅದನ್ನು ಪಠ್ಯಪುಸ್ತಕವಾಗಿ ಕಟ್ಟಿದ ಮೊದಲಿಗರಲ್ಲಿ ವಿಲಿಯಂ ನ್ಯೂಮನ್ ಮತ್ತು ರಾಬರ್ಟ್ ಸ್ಪ್ರೌಲ್ ಮುಖ್ಯರು. ಅವರ ಪುಸ್ತಕ 1973ರದ್ದು. 1982ರಲ್ಲಿ ಜೇಮ್ಸ್ ಫೋಲಿ ಮತ್ತು ಆಂಡ್ರೀಸ್ ವ್ಯಾನ್ ಡ್ಯಾಮ್ ಅವರದು ಬಂತು. 1990ರಲ್ಲಿ ಇನ್ನಿಬ್ಬರು ಲೇಖಕರು ಸೇರಿ ಅದನ್ನು ಸಾವಿರದ ನೂರಕ್ಕೂ ಹೆಚ್ಚು ಪುಟಗಳಿಗೆ ಬೆಳೆಸಿದರು. ‘ಫೋಲಿ–ವ್ಯಾನ್ ಡ್ಯಾಮ್’ ಎಂದರೆ ಸಾಕಿತ್ತು, ಪುಸ್ತಕದ ಹೆಸರು ಹೇಳಬೇಕಿರಲಿಲ್ಲ. ಆ ಲೇಖಕರು ಯಾವುದೋ ಕಂಪನಿಯ ಯಂತ್ರಕ್ಕೆ ಜೋತುಬೀಳದೆ, ಪಾಠಕ್ಕೆಂದೇ ಎರಡು ಪುಟ್ಟ ತಂತ್ರಾಂಶ ಪೊಟ್ಟಣಗಳನ್ನು ತಾವೇ ರೂಪಿಸಿದರು. ಆ ಪೊಟ್ಟಣಗಳು ಈಗ ಯಾರಿಗೂ ಬೇಡ. ಆದರೆ ಬಿಂದುವನ್ನು ತಿರುಗಿಸುವ ಮ್ಯಾಟ್ರಿಕ್ಸ್, ದೂರದ್ದನ್ನು ಚಿಕ್ಕದಾಗಿಸುವ ಭಾಗಾಕಾರ, ಬಣ್ಣವನ್ನು ಕಣ್ಣು ಗ್ರಹಿಸುವ ಬಗೆ, ಇವುಗಳ ಅಧ್ಯಾಯಗಳನ್ನು ಇಂದು ಓದಿದರೂ ಕಲಿಯುವುದಿದೆ.

ಸಾಲನ್ನು ಎಲ್ಲಿ ಬರೆಯಬೇಕು ಎಂದು ಹೇಳಿಕೊಡುವ ಬಗೆಯ ಪುಸ್ತಕಕ್ಕೆ ಕಾರಣವಾದದ್ದು ಮಾರುಕಟ್ಟೆ. ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ತನ್ನ ಯಂತ್ರಗಳ ಆಜ್ಞೆಗಳನ್ನು ತಿದ್ದಿ, 1992ರಲ್ಲಿ ಓಪನ್‌ಜಿಎಲ್ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆಯಿತು. ಮರುವರ್ಷ ಅದರ ಕೈಪಿಡಿ ಬಂತು. ಕೆಂಪು ರಕ್ಷಾಪುಟದ್ದಾದ್ದರಿಂದ ಲೋಕವೆಲ್ಲ ಅದನ್ನು ‘ರೆಡ್ ಬುಕ್’ ಎಂದಿತು. ಅದೇ ಕಂಪನಿಯ ಮಾರ್ಕ್ ಕಿಲ್‌ಗಾರ್ಡ್, ಪ್ರತಿ ಯಂತ್ರದಲ್ಲೂ ಕಿಟಕಿ ತೆರೆಯುವ ತಾಪತ್ರಯ ತಪ್ಪಿಸಲು ಗ್ಲಟ್ ಎಂಬ ಸಹಾಯಕ ಬರೆದರು. ಅದರಲ್ಲೊಂದು ಟೀಪಾಟು ಇತ್ತು. ಸಿಜಿ ಲ್ಯಾಬಿನ ಆ ಒಂದು ಸಾಲು ಬಂದದ್ದು ಇಲ್ಲಿಂದ.

1997ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಎಡ್ವರ್ಡ್ ಏಂಜೆಲ್ ಪಾಠದ ಕ್ರಮವನ್ನೇ ತಿರುಗಿಸಿದರು. ಗೆರೆ ಎಳೆಯುವ ಲೆಕ್ಕದಿಂದ ಶುರುಮಾಡುವ ಬದಲು ಮೊದಲು ಓಪನ್‌ಜಿಎಲ್‌ನಲ್ಲಿ ಚಿತ್ರ ಬರಲಿ, ಒಳಗುಟ್ಟು ಆಮೇಲೆ ಎಂದರು. ನಮ್ಮ ಲ್ಯಾಬಿನ ಸಿಯರ್‌ಪಿನ್‌ಸ್ಕಿ ತ್ರಿಕೋನ ಅವರ ಪುಸ್ತಕದ ಮೊದಲ ಉದಾಹರಣೆ. ಮೊದಲ ದಿನವೇ ತೆರೆಯ ಮೇಲೆ ಏನೋ ಮೂಡುವ ಸಂತೋಷವನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ. ಅಪಾಯವಿರುವುದು ‘ಆಮೇಲೆ’ ಎಂಬಲ್ಲಿ. ಸೆಮಿಸ್ಟರ್ ಹದಿನಾರು ವಾರದ್ದು. ರೆಕಾರ್ಡ್ ಬರೆದು, ವೈವಾ ಮುಗಿಸಿ, ಮಿನಿ ಪ್ರಾಜೆಕ್ಟ್ ಒಪ್ಪಿಸುವಷ್ಟರಲ್ಲಿ ‘ಆಮೇಲೆ’ ಬರುವುದೇ ಇಲ್ಲ.

ಅಷ್ಟರಲ್ಲಿ ಆಜ್ಞೆಗಳೂ ಬದಲಾದವು. ಗ್ರಾಫಿಕ್ಸ್ ಕಾರ್ಡಿನೊಳಗೆ ಓಡುವ ಶೇಡರ್ ಎಂಬ ಪುಟ್ಟ ಪ್ರೋಗ್ರಾಂಗಳನ್ನು ನಾವೇ ಬರೆಯುವ ಭಾಷೆ 2004ರಲ್ಲಿ ಓಪನ್‌ಜಿಎಲ್ 2.0ರ ಭಾಗವಾಯಿತು. 2009ರ 3.1ನೇ ಆವೃತ್ತಿ ‘ಬಿಗಿನ್–ಎಂಡ್’ ನಡುವೆ ಬಿಂದುಗಳನ್ನು ಪೋಣಿಸುವ ಹಳೆಯ ರೀತಿಯನ್ನು ತೆಗೆದೇಹಾಕಿತು. ಆಗ ಕುತೂಹಲದ ಒಂದು ಸಂಗತಿ ನಡೆಯಿತು. ಬೆಳಕಿನ ಲೆಕ್ಕವನ್ನು ಅಲ್ಲಿಯವರೆಗೆ ಓಪನ್‌ಜಿಎಲ್ ತಾನೇ ಮಾಡುತ್ತಿತ್ತು. ಈಗ ಅದನ್ನು ಶೇಡರಿನಲ್ಲಿ ನಾವು ಬರೆಯಬೇಕಾಯಿತು. ಫಾಂಗ್ 1973ರಲ್ಲಿ ಬರೆದ ಸೂತ್ರ ಬೇಕಾಯಿತು. ಆಜ್ಞೆಗಳನ್ನಷ್ಟೇ ಕಲಿಸಿದ ಪುಸ್ತಕ ಹದಿನೈದು ವರ್ಷದಲ್ಲಿ ಹಳತಾಯಿತು, ಅದಕ್ಕಿಂತ ಹಳೆಯ ಪುಸ್ತಕ ಮತ್ತೆ ಕಪಾಟಿನಿಂದ ಕೆಳಗಿಳಿಯಿತು.

ಅದೇ 2004ರಲ್ಲಿ ಮ್ಯಾಟ್ ಫಾರ್ ಮತ್ತು ಗ್ರೆಗ್ ಹಂಫ್ರೀಸ್ ಹೊರತಂದ ‘ಫಿಸಿಕಲಿ ಬೇಸ್ಡ್ ರೆಂಡರಿಂಗ್’ ನಾನು ಅತಿ ಹೆಚ್ಚು ಗೌರವಿಸುವ ಪುಸ್ತಕ. ಅದರಲ್ಲಿ ಗದ್ಯ ಬೇರೆ, ಕೋಡ್ ಬೇರೆ ಅಲ್ಲ. ಡೊನಾಲ್ಡ್ ಕ್ನೂತ್ ತೋರಿಸಿದ ದಾರಿಯಲ್ಲಿ ಒಂದು ಪೂರ್ಣ ಪ್ರೋಗ್ರಾಂ ಅನ್ನೇ ಪುಸ್ತಕವಾಗಿ ಬರೆದಿದ್ದಾರೆ. ಪ್ರತಿ ಸಾಲೂ ತಾನು ಯಾಕೆ ಇದ್ದೇನೆಂದು ಹೇಳುತ್ತದೆ. 2014ರಲ್ಲಿ ಆಸ್ಕರ್ ನೀಡುವ ಅಕಾಡೆಮಿ ಈ ಕೆಲಸಕ್ಕಾಗಿ ಇಬ್ಬರಿಗೂ, ಅವರ ಗುರು ಪ್ಯಾಟ್ ಹ್ಯಾನ್ರಹನ್ ಅವರಿಗೂ ತಾಂತ್ರಿಕ ಪ್ರಶಸ್ತಿ ಕೊಟ್ಟಿತು. 2023ರ ನಾಲ್ಕನೇ ಆವೃತ್ತಿಯನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಆದರೆ ಮೊದಲ ಪುಸ್ತಕವಾಗಿ ಅದನ್ನು ಯಾರಿಗೂ ಕೊಡಲಾರೆ. ಕ್ಯಾಲ್ಕುಲಸ್ ಮತ್ತು ಸಂಭವನೀಯತೆ ಚೆನ್ನಾಗಿ ಬಲ್ಲವರಿಗೂ ಅದು ಕಷ್ಟ.

ಮೊದಲ ಪುಸ್ತಕವಾಗಿ ಕೊಡುವುದು ತೀರ ಚಿಕ್ಕದು: ಪೀಟರ್ ಶರ್ಲಿ 2016ರಲ್ಲಿ ಬರೆದ ‘ರೇ ಟ್ರೇಸಿಂಗ್ ಇನ್ ಒನ್ ವೀಕೆಂಡ್’. ಶರ್ಲಿ ಯೂಟಾದಲ್ಲೇ ಪಾಠ ಮಾಡಿದವರು. ಅವರ ಪುಸ್ತಕಕ್ಕೆ ಓಪನ್‌ಜಿಎಲ್ ಬೇಡ, ಗ್ರಾಫಿಕ್ಸ್ ಕಾರ್ಡ್ ಬೇಡ. ಪ್ರತಿ ಚುಕ್ಕೆಯ ಕೆಂಪು, ಹಸಿರು, ನೀಲಿ ಅಂಕಿಗಳನ್ನು ಸಾದಾ ಕಡತಕ್ಕೆ ಬರೆದರಾಯಿತು, ಅದೇ ಚಿತ್ರ. ಕಣ್ಣಿನಿಂದ ಹೊರಟ ಕಿರಣವೊಂದು ಗೋಳಕ್ಕೆ ತಾಗಿತೇ ಎಂದು ನೋಡಲು ಬೇಕಾದದ್ದು ಪ್ರೌಢಶಾಲೆಯ ವರ್ಗಸಮೀಕರಣ. ಎಷ್ಟು ಹಳೆಯ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಚಿತ್ರ ಮೂಡುವುದು ತಡವಾದರೆ ಕಾಯಬೇಕು, ಅಷ್ಟೆ. ಅದು ಮುಗಿದ ಮೇಲೆ ಶರ್ಲಿ ಮತ್ತು ಸ್ಟೀವ್ ಮಾರ್ಷ್ನರ್ ಅವರ ದೊಡ್ಡ ಪಠ್ಯ, ಆಮೇಲೆ ಶೇಡರ್ ಕಲಿಸುವ ಯಾವುದಾದರೂ ಇತ್ತೀಚಿನ ಓಪನ್‌ಜಿಎಲ್ ಪುಸ್ತಕ.

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಗಳ ಮುಂದೆ ನಿಂತವರಿಗೂ ಒಂದು ಮಾತು. ಮುಖಪುಟ ಬಿಡಿ, ಇಸವಿ ನೋಡಿ. 2009ಕ್ಕಿಂತ ಹಳೆಯ ಓಪನ್‌ಜಿಎಲ್ ಕೈಪಿಡಿಯನ್ನು ಅಲ್ಲೇ ಇಡಿ. ಫೋಲಿ–ವ್ಯಾನ್ ಡ್ಯಾಮ್ ಸಿಕ್ಕರೆ, ಬೈಂಡ್ ಕಿತ್ತಿದ್ದರೂ, ಚೌಕಾಸಿ ಮಾಡಿ ತನ್ನಿ. ಅದರಲ್ಲಿ ಬಾಗಿದ ಮೈಗಳ ಅಧ್ಯಾಯ ತೆರೆದು, ಹಾಳೆ–ಪೆನ್ನು ಹಿಡಿದು ಒಂದು ಬೆಝಿಯೆ ತೇಪೆಯನ್ನು ಲೆಕ್ಕಮಾಡಿ. ಹದಿನಾರು ಬಿಂದು, ಒಂದು ಮಧ್ಯಾಹ್ನದ ಕೆಲಸ.

ನ್ಯೂವೆಲ್ ಅವರ ನಿಜವಾದ ಟೀಪಾಟು ಈಗ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಸಿಜಿ ಲ್ಯಾಬ್ ಮಾಡಿ ಆ ಕಡೆ ಕೆಲಸಕ್ಕೆ ಹೋಗಿ ನೆಲೆಸಿದ ಕನ್ನಡಿಗರಿಗೆ ಅದು ದೂರವೇನಲ್ಲ. ನೋಡಿದವರಿಗೆ ಅದು ಲ್ಯಾಬಿನದಕ್ಕಿಂತ ಎತ್ತರವಾಗಿ ಕಾಣುತ್ತದೆ. ಯೂಟಾದಲ್ಲಿ ಜಿಮ್ ಬ್ಲಿನ್ ಎಂಬವರು ಕಂಪ್ಯೂಟರಿನ ಟೀಪಾಟಿನ ಎತ್ತರವನ್ನು ಒಂದು ಸಂಖ್ಯೆಯಿಂದ ತಗ್ಗಿಸಿದ್ದರು. ನಮ್ಮ ಮೇಜಿನ ಮೇಲೆ ಬಂದು ಕೂತದ್ದು ಆ ಕುಳ್ಳ ಪಾತ್ರೆ.